ಮೂಕಪ್ರಾಣಿಯ ಶ್ವಾಸಕೋಶಕ್ಕೂ ಪರೀಕ್ಷೆ ಬೇಡವೆ?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ದನಗಳ ಶ್ವಾಸಕೋಶದ ವಿಚಾರವಾಗಿ ಬರೆಯಹೊರಟಿರುವುದನ್ನು ಕಂಡು ನಮ್ಮ ಅಧ್ಯಾಪಕ ಮಹಾಶಯರು ನಕ್ಕಾರು. ಆದರೆ ಮಾರತ್ತಹಳ್ಳಿಯಲ್ಲಿ ಮನೆಯಿರುವವನಿಗೆ ಆಕಾಶದ ಯೋಚನೆ ತಪ್ಪಿದ್ದಲ್ಲ. ಎಚ್.ಎ.ಎಲ್. ನಿಲ್ದಾಣದ ಪ್ರಯಾಣಿಕ ವಿಮಾನಗಳು 2008ರಲ್ಲಿ ದೇವನಹಳ್ಳಿಗೆ ಹೊರಟುಹೋದರೂ ಯುದ್ಧವಿಮಾನಗಳ ಗರ್ಜನೆ ನಮ್ಮ ಪಾಲಿಗೆ ಉಳಿದಿದೆ. ಅಲ್ಲಿಯೇ ಸಮೀಪದ ವಿಮಾನಪುರದಲ್ಲಿ ವಾಯುಪಡೆಯ ವೈಮಾನಿಕ ವೈದ್ಯಶಾಸ್ತ್ರ ಸಂಸ್ಥೆಯಿದೆ. ಅದು 1957ರಲ್ಲಿ ಸ್ಥಾಪಿತವಾದುದು. ವಿಮಾನ ಚಾಲಕನನ್ನು ಗಾಳಿಯ ಒತ್ತಡ ತಗ್ಗಿಸಿದ ಕೋಣೆಯಲ್ಲಿ ಕೂರಿಸಿ, ನೆಲ ಬಿಡದೆಯೇ ಎತ್ತರದ ಅನುಭವವನ್ನು ಅಲ್ಲಿ ಮಾಡಿಸುತ್ತಾರೆ. ತಲೆ ಸುತ್ತಿದರೆ ಅವನು ಬಾಯಿಬಿಟ್ಟು ಹೇಳಬಲ್ಲ. ಹೇಳಲಾರದ ಜೀವಿಗಳ ಗತಿಯೇನು?

1783ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಬೆಲೂನು ಹಾರಿಸಿದಾಗ ಮೊದಲು ಮೇಲೇರಿದವರು ಒಂದು ಕುರಿ, ಒಂದು ಬಾತು, ಒಂದು ಹುಂಜ. ಅವುಗಳ ಸಮ್ಮತಿಯನ್ನು ಯಾರೂ ಕೇಳಿರಲಾರರು!

ಎತ್ತರದಲ್ಲಿ ಆಮ್ಲಜನಕ ಸಾಲದಾದಾಗ ಶ್ವಾಸಕೋಶದ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ; ಅಲ್ಲಿ ರಕ್ತದ ಒತ್ತಡ ಏರುತ್ತದೆ. 1962ರ ಯುದ್ಧಕಾಲದಲ್ಲಿ ಬಯಲುಸೀಮೆಯಿಂದ ಅವಸರವಾಗಿ ಹಿಮಾಲಯಕ್ಕೆ ಏರಿದ ನಮ್ಮ ಸೈನಿಕರಲ್ಲಿ ಅನೇಕರ ಶ್ವಾಸಕೋಶದಲ್ಲಿ ನೀರು ತುಂಬಿತು. ದನಗಳಲ್ಲಿ ರೋಗದ ರೀತಿ ಬೇರೆ. ಅವುಗಳ ಶ್ವಾಸಕೋಶದ ರಕ್ತನಾಳಗಳ ಗೋಡೆಯಲ್ಲಿ ಸ್ನಾಯು ಹೆಚ್ಚು, ಬಿಗಿತವೂ ಹೆಚ್ಚು. ಹೃದಯದ ಬಲಭಾಗ ದಣಿದು ಸೋಲುತ್ತದೆ. ಎದೆಯ ಮುಂಭಾಗವೂ ಗಂಗೆದೊಗಲೂ ಊದಿಕೊಳ್ಳುತ್ತವೆ. ಅಮೆರಿಕದ ಕೊಲೊರಾಡೋದಲ್ಲಿ ಗ್ಲೋವರ್ ಮತ್ತು ನ್ಯೂಸಮ್ ಎಂಬವರು ಇದನ್ನು 1915ರಲ್ಲೇ ವರ್ಣಿಸಿದರು. ನಮ್ಮ ಚಾಮರಕ್ಕೆ ಬಾಲದ ಕೂದಲು ಕೊಡುವ ಚಮರೀಮೃಗ, ಅಂದರೆ ಯಾಕ್, ಮಾತ್ರ ಈ ಕಷ್ಟಕ್ಕೆ ಸಿಕ್ಕಿಬೀಳುವುದಿಲ್ಲ. ಲಡಾಖಿನಲ್ಲಿ ಯಾಕ್, ದನ, ಇವೆರಡರ ಮಿಶ್ರತಳಿ ಇವುಗಳ ಶ್ವಾಸಕೋಶದ ರಕ್ತದೊತ್ತಡವನ್ನು ಅಳೆದ ವರದಿಯೊಂದು 1986ರಲ್ಲಿ ಹೊರಬಂದಿತು. ಯಾಕ್‌ನಲ್ಲಿ ಅದು ತಗ್ಗಿಯೇ ಇತ್ತು, ಅದರ ಮೊದಲ ತಲೆಮಾರಿನ ಮಿಶ್ರಸಂತಾನವೂ ತಾಯಿ-ತಂದೆಯರಲ್ಲಿ ಯಾಕ್‌ನ ಗುಣವನ್ನೇ ಹಿಡಿದಿತ್ತು.

ಹೆಚ್ಚು ಹಾಲಿನ ಆಸೆಯಿಂದ ಸೀಮೆದನಗಳನ್ನು ಲೇಹ್‌ನಂತಹ 3500 ಮೀಟರಿನ ಎತ್ತರಕ್ಕೆ ಏರಿಸುವವರು ಅವುಗಳ ಎದೆಯೊಳಗೆ ನೋಡಬೇಡವೆ? ನೋಡುವುದು ಸುಲಭವಲ್ಲ, ಒಪ್ಪುತ್ತೇನೆ. ಕ್ಷ-ಕಿರಣಕ್ಕೆ ಕುರಿ, ಮೇಕೆ, ಕರು ಒಗ್ಗುತ್ತವೆ. ಬೆಳೆದ ಹಸುವಿನ ಎದೆ ಬಲು ದಪ್ಪ, ಬಲವಾದ ಯಂತ್ರ ಬೇಕು, ಹಸುವೋ ನಿಂತಲ್ಲಿ ನಿಲ್ಲದು. ಸಿ.ಟಿ. ಸ್ಕ್ಯಾನಿನ ಚಿತ್ರ ಎಲ್ಲಕ್ಕಿಂತ ಸ್ಫುಟ. ಆದರೆ ಅದಕ್ಕಾಗಿ ಪ್ರಾಣಿಯ ಮೈಮರೆಸಬೇಕು, ಉಸಿರಿಗೇ ಪರದಾಡುವ ಪ್ರಾಣಿಗೆ ಅದೇ ಗಂಡಾಂತರ. ಹೀಗಾಗಿ ನನ್ನ ಒಲವು ಅಲ್ಟ್ರಾಸೌಂಡಿನ ಕಡೆ. ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ಶಬ್ದದ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ಒಳಗಿನದೇನೂ ಕಾಣದು. ಒಳಗೆ ನೀರು ಸೇರಿತೋ, ತೆರೆಯ ಮೇಲಿನಿಂದ ಕೆಳಕ್ಕೆ ಬೆಳ್ಳನೆಯ ಗೆರೆಗಳು ಇಳಿಬೀಳುತ್ತವೆ. ಅದೇ ಯಂತ್ರದಿಂದ ಹೃದಯದ ಬಲಭಾಗ ಹಿಗ್ಗಿದೆಯೇ ಎಂಬುದನ್ನೂ ನೋಡಬಹುದು. ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಬೆಟ್ಟ ಹತ್ತಬಹುದು.

ಕೇವಲ ಚಿತ್ರ ತೆಗೆದರೆ ರೋಗ ವಾಸಿಯಾಗದು. ನಿಧಾನವಾಗಿ ಏರಿಸುವುದು, ಸೋತದ್ದನ್ನು ಕೆಳಗಿಳಿಸುವುದು ಇವೇ ಮುಖ್ಯ. ಆದರೆ ಯಾವುದನ್ನು, ಯಾವಾಗ ಇಳಿಸಬೇಕು? ಗಂಗೆದೊಗಲು ಊದುವವರೆಗೆ ಕಾದರೆ ಹೃದಯ ಆಗಲೇ ಸೋತಿರುತ್ತದೆ.

ಇದೇ ಊರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ. ಎತ್ತರವನ್ನು ಬಲ್ಲ ವಿಮಾನಪುರದವರೂ ಪಶುವನ್ನು ಬಲ್ಲ ಹೆಬ್ಬಾಳದವರೂ ಕೂಡಿ, ಬೆಟ್ಟದೂರಿನ ಪಶುವೈದ್ಯರಿಗೆ ಈ ವಿದ್ಯೆಯನ್ನು ಕಲಿಸಲಿ ಎಂಬುದು ನನ್ನ ಸೂಚನೆ. ಬೆಟ್ಟದ ಜನರಿಗೇ ಆಸ್ಪತ್ರೆ ದೂರವಿರುವಾಗ ದನಕ್ಕೇಕೆ ಯಂತ್ರವೆಂದು ಗೆಳೆಯನೊಬ್ಬ ವಾದಿಸಿದ. ಆ ಬೆಳ್ಳನೆಯ ಗೆರೆಗಳು ಮನುಷ್ಯನ ಎದೆಯಲ್ಲೂ ಹಾಗೆಯೇ ಕಾಣುತ್ತವೆ. ಕೊಟ್ಟಿಗೆಗೆಂದು ಬಂದ ಯಂತ್ರವನ್ನು ಪಕ್ಕದ ಮನೆಗೆ ಕೊಂಡೊಯ್ಯಲು ಎಷ್ಟು ಹೊತ್ತು?