ರಿಪೇರಿ ಸಮಾರಂಭ ಸಾಕು, ಚಾವಣಿಯ ಲೆಕ್ಕ ಕೊಡಿ

ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಮಾತು ಬಂದಾಗಲೆಲ್ಲ 'ಹಳೇ ಕಟ್ಟಡ, ಎಷ್ಟು ದಿನಾಂತ ತಡೆಯುತ್ತೆ?' ಎನ್ನುವವರು ಸಿಗುತ್ತಾರೆ. ಆಳುವವರಿಗೆ ಇದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. ತಪ್ಪನ್ನು ವಯಸ್ಸಿನ ತಲೆಗೆ ಕಟ್ಟಿದರೆ ಯಾರೂ ಉತ್ತರ ಹೇಳಬೇಕಾಗಿಲ್ಲವಲ್ಲ!

ಕುಕ್ಕರಹಳ್ಳಿ ಕೆರೆಯ ಪಕ್ಕದ ದಿಬ್ಬದ ಮೇಲೆ 1905ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಎದ್ದ ಮಹಲು ಇದು. ನೂರಕ್ಕೂ ಹೆಚ್ಚು ಕೋಣೆಗಳು, ಕೆತ್ತನೆಯ ಬಾಗಿಲುಗಳು, ಬಣ್ಣದ ಗಾಜಿನ ಕಲ್ಯಾಣ ಮಂಟಪ. ಕುವೆಂಪು ಕುಲಪತಿಯಾಗಿದ್ದಾಗ, 1959ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅಂಥವರು ಊರೂರು ಅಲೆದು ತಂದ ತೊಗಲುಗೊಂಬೆ, ಸೋಮನ ಮುಖ, ಒಡವೆ, ಉಪಕರಣಗಳು ಇಲ್ಲಿ ಜಾನಪದ ವಸ್ತುಸಂಗ್ರಹಾಲಯವಾದವು. ಅರಮನೆಯೊಳಗೆ ಒಕ್ಕಲಿನವರ, ಕಲಾವಿದರ ಬದುಕನ್ನು ತಂದಿಟ್ಟ ಆ ನಿರ್ಧಾರದಷ್ಟು ಚೆಂದದ ಕೆಲಸವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಆಮೇಲೆ ಮಾಡಿದ್ದು ಕಡಿಮೆ.

ಈ ಕಟ್ಟಡ ಬಳಲಿದ್ದು ಯಾಕೆ? ಇದರ ಚಾವಣಿ ಮದ್ರಾಸ್ ತಾರಸಿಯದು. ಅದರಲ್ಲಿ ಒತ್ತೊತ್ತಾಗಿ ಜೋಡಿಸಿದ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ವೈರಿ ನೀರು, ವಯಸ್ಸಲ್ಲ. ಮಳೆನೀರು ಹರಿಯುವ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ, ಬಿರುಕಿನಲ್ಲಿ ಅರಳಿ ಗಿಡ ಬೇರುಬಿಟ್ಟರೆ, ನೀರು ಇಳಿದು ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಮೇಲೆ ಸಿಮೆಂಟು ಬಳಿದರಂತೂ ತೇವ ಹೊರಬರಲಾರದೆ ಒಳಗೇ ಕೂರುತ್ತದೆ. ಮುಂಗಾರಿಗೆ ಮೊದಲು ಪ್ರತಿವರ್ಷ ಏಣಿ ಹಾಕಿ ಹತ್ತಿ ನೋಡುವ ಜನ ಬೇಕು, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಬೇಕು. ಇದಕ್ಕೆ ಕೋಟಿ ಬೇಡ. ಆದರೆ ದೋಣಿ ಗುಡಿಸುವ ಕೆಲಸಕ್ಕೆ ಶಿಲಾಫಲಕ ಹಾಕಿಸಿಕೊಳ್ಳಲು ಬರುವುದಿಲ್ಲ ನೋಡಿ.

ಇನ್ಫೋಸಿಸ್ ಪ್ರತಿಷ್ಠಾನ ಕೋಟಿಗೂ ಮಿಕ್ಕಿ ಖರ್ಚು ಮಾಡಿ ಮಹಲನ್ನು ನವೀಕರಿಸಿಕೊಟ್ಟಿತು. 2006ರ ಹೊತ್ತಿಗೆ ಕೆಲಸ ಮುಗಿದಿತ್ತು. ಎರಡು ದಶಕ ತುಂಬುವ ಮೊದಲೇ ಚಾವಣಿ ಮತ್ತೆ ಸೋರಿತು, ಸಂಗ್ರಹಾಲಯದ ಬಾಗಿಲು ಮುಚ್ಚಬೇಕಾಯಿತು. ದಾನಿಯ ಹಣ ಬಂದದ್ದು ನಿಜ, ಉಳಿಸಿಕೊಳ್ಳುವ ವ್ಯವಸ್ಥೆ ಬರಲಿಲ್ಲ.

ಪಿಂಚಣಿ ಕೊಡುವುದಕ್ಕೇ ವಿಶ್ವವಿದ್ಯಾನಿಲಯ ಒದ್ದಾಡುತ್ತಿದೆ, ಸುಣ್ಣಗಾರೆಗೆ ಎಲ್ಲಿಂದ ತರೋಣ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಪ್ಪತ್ತು ವರ್ಷ ಕೈಬಿಟ್ಟು ಆಮೇಲೆ ಕೋಟಿಗಟ್ಟಲೆ ಸುರಿಯುವುದು ಉಳಿತಾಯವೇ? ಇದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ನಾಲ್ವರು ಸತ್ತರು. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗ ಬಿತ್ತು. ಜೀವಹಾನಿ ಆಗದಿದ್ದುದು ಪುಣ್ಯ. ಎರಡೂ ಸಲ ಚರ್ಚೆ ಹೊರಳಿದ್ದು ಕೆಡವಬೇಕೋ ಉಳಿಸಬೇಕೋ ಎಂಬ ಕಡೆಗೆ. ಇಷ್ಟು ವರ್ಷ ಚಾವಣಿ ನೋಡಬೇಕಾದವರು ಯಾರಾಗಿದ್ದರು ಎಂಬ ಪ್ರಶ್ನೆ ಅದರಡಿ ಮುಚ್ಚಿಹೋಯಿತು. 'ಶಿಥಿಲ' ಎಂದು ಬರೆದ ಒಂದು ಹಾಳೆ ಸಿಕ್ಕರೆ ನಿರ್ಲಕ್ಷ್ಯಕ್ಕೆ ಕ್ಷಮಾಪಣೆಯೂ ಸಿಕ್ಕಂತೆ, ಹೊಸ ಟೆಂಡರೂ ಸಿಕ್ಕಂತೆ.

ಆದ್ದರಿಂದ ಜಯಲಕ್ಷ್ಮಿ ವಿಲಾಸಕ್ಕೆ ಇನ್ನೆಷ್ಟು ಅನುದಾನ ಬಂತು ಎಂದು ಪತ್ರಿಕೆಯವರು ಕೇಳುವುದು ಬಿಡಲಿ. ವಿಶ್ವವಿದ್ಯಾನಿಲಯದ ಆಯವ್ಯಯದಲ್ಲಿ ಇದರ ವಾರ್ಷಿಕ ನಿರ್ವಹಣೆಗೆ ಪ್ರತ್ಯೇಕ ಬಾಬ್ತು ಇರಲಿ, ಹೊಣೆ ಹೊತ್ತ ಎಂಜಿನಿಯರ್ ಹೆಸರು ಇರಲಿ, ಪ್ರತಿ ಮೇ ತಿಂಗಳು ಚಾವಣಿಯ ತಪಾಸಣಾ ವರದಿ ಸಾರ್ವಜನಿಕರ ಕೈಗೆ ಸಿಗಲಿ. ಸಿಂಡಿಕೇಟ್ ಸದಸ್ಯರು ಮುಂದಿನ ಸಭೆಯಲ್ಲೇ ಇದನ್ನು ಎತ್ತಬೇಕು.