ಡೌರೊ ಕಣಿವೆಯ ಅತಿಥಿಯೂ ಒಕ್ಕಲಿಗನೂ

ಪೋರ್ಚುಗಲ್ ದೇಶದ ಪೋರ್ಟೊ ಪಟ್ಟಣದಿಂದ ಬೆಳಿಗ್ಗೆ ಹೊರಟ ಪ್ರವಾಸಿಕರು ಡೌರೊ ನದಿಯ ಕಣಿವೆಯನ್ನು ಸೇರಿ, ದ್ರಾಕ್ಷಾಮದ್ಯದ ರುಚಿ ನೋಡಿ, ಆಡುಮರಿಯ ಮಾಂಸದ ಊಟವನ್ನುಂಡು, ದೋಣಿಯಲ್ಲಿ ವಿಹರಿಸಿ ಸಂಜೆಗೆ ಹಿಂದಿರುಗುವರು. ಪಾನನಿರೋಧದ ಪಕ್ಷದವರಾದ ನಾವು ಆ ಬಟ್ಟಲಿನ ಗುಣವನ್ನು ವರ್ಣಿಸಲು ಅರ್ಹರಲ್ಲ. ಅದನ್ನು ತುಂಬಿದ ರೈತನ ಸ್ಥಿತಿಯಾದರೋ ವಿಚಾರಾರ್ಹವಾಗಿದೆ.

1703ರ ಒಪ್ಪಂದದಿಂದ ಪೋರ್ಚುಗಲ್ಲಿನ ಮದ್ಯಕ್ಕೆ ಇಂಗ್ಲೆಂಡಿನಲ್ಲಿ ಸುಂಕದ ರಿಯಾಯಿತಿಯೂ, ಇಂಗ್ಲೆಂಡಿನ ಉಣ್ಣೆಬಟ್ಟೆಗೆ ಪೋರ್ಚುಗಲ್ಲಿನ ಪೇಟೆಯೂ ದೊರೆತವು. ಮದ್ಯದ ವ್ಯಾಪಾರವು ಆಂಗ್ಲ ವರ್ತಕರ ಕೈಸೇರಿತು. ಇಂಥ ವಿನಿಮಯದ ಫಲವನ್ನು ನಮ್ಮ ನೇಕಾರರೂ ಮುಂದೆ ಉಂಡದ್ದುಂಟು. ಮಂತ್ರಿ ಪೊಂಬಾಲನು 1756ರಲ್ಲಿ ಕಣಿವೆಯ ಎಲ್ಲೆಯನ್ನು ಗೊತ್ತುಮಾಡಿಸಿ, ರಾಜಸನದುಳ್ಳ ಕಂಪನಿಯನ್ನು ಸ್ಥಾಪಿಸಿ ಅವರ ಹಿಡಿತವನ್ನು ಸಡಿಲಿಸಲೆತ್ನಿಸಿದನು.

ಅತಿಥಿಯು ಕಣ್ತುಂಬ ನೋಡುವ ನದೀದೃಶ್ಯದಲ್ಲಿ ಬಹುಭಾಗವು ಒಕ್ಕಲಿಗನ ಕೈಕೆಲಸವೇ. ಕಡಿದಾದ ಗುಡ್ಡದಲ್ಲಿ ಕಲ್ಲುಗೋಡೆಗಳನ್ನು ಕಟ್ಟಿ, ಮಣ್ಣನ್ನು ನಿಲ್ಲಿಸಿ, ಬಳ್ಳಿಯನ್ನು ಬೆಳೆಸಿದವನು ಅವನು. ಅನೇಕ ಕಡೆ ಯಂತ್ರವು ಹತ್ತಲಾರದು, ಹಣ್ಣನ್ನು ಕೈಯಿಂದಲೇ ಕೀಳಬೇಕು. 2001ರಲ್ಲಿ ಯುನೆಸ್ಕೊ ಗೌರವಿಸಿದುದು ಈ ದುಡಿಮೆಯನ್ನೇ. ಆದರೆ ಪೋರ್ಟ್ ಮದ್ಯದ ಬೇಡಿಕೆ ತಗ್ಗಿ, ಅದರ ಉತ್ಪತ್ತಿಯ ಮಿತಿಯನ್ನು 2024ರ 90,000 ಪೀಪಾಯಿಗಳಿಂದ 2025ರಲ್ಲಿ 75,000ಕ್ಕೆ ಇಳಿಸಲಾಯಿತು. ಮಿಕ್ಕ ಹಣ್ಣಿನ ಬೆಲೆ ಸಾಗುವಳಿಯ ವೆಚ್ಚಕ್ಕೂ ಸಾಲದೆಂದು ರೈತರು ಬೀದಿಗಿಳಿದರು. ರುಚಿನೋಟದ ಶುಲ್ಕವು ದೊಡ್ಡ ತೋಟದ ಒಡೆಯನಿಗೆ ಸಲ್ಲುವುದು. ಹಣ್ಣನ್ನು ಮಾತ್ರ ಮಾರುವ ಸಣ್ಣ ಹಿಡುವಳಿದಾರನಿಗೆ ಅದರಲ್ಲಿ ಪಾಲೆಷ್ಟೆಂಬುದನ್ನು ಲಿಸ್ಬನ್ ಸರಕಾರವು ಮೊದಲು ವಿಚಾರಿಸತಕ್ಕದ್ದು.