ಬಿಲ್ ವಯೋಲಾ ಓದಿದ್ದು, ಕಂಡದ್ದು

ಕವಿತೆಗೆ ಚಿತ್ರ ಕೂಡಿಸುವ ಒಂದು ರೂಢಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಭಾವಗೀತೆಯಲ್ಲಿ ಮಳೆ ಬಂದರೆ ತೆರೆಯ ಮೇಲೂ ಮಳೆ, ಹೊಳೆ ಬಂದರೆ ಹೊಳೆ. ಮಾತು ಹೇಳಿದ್ದನ್ನೇ ನೆಲ ಮತ್ತೊಮ್ಮೆ ಒಪ್ಪಿಸುತ್ತದೆ. ಅಮೆರಿಕದ ವಿಡಿಯೊ ಕಲಾವಿದ ಬಿಲ್ ವಯೋಲಾ (1951–2024) ಈ ದಾರಿ ಹಿಡಿಯಲಿಲ್ಲ. ಅನುಭಾವಿಗಳ ಬರಹಗಳನ್ನು ದಶಕಗಳ ಕಾಲ ಓದಿದರು; ಮರುಭೂಮಿ, ಹಿಮದ ಬಯಲು, ಬೆಟ್ಟಗಳನ್ನು ಹುಡುಕಿಕೊಂಡು ಹೋದರು. ಆದರೆ ಓದಿದ್ದಕ್ಕೆ ನೆಲದಿಂದ ಸಾಕ್ಷಿ ಹೇಳಿಸಲಿಲ್ಲ. ಓದು ಅವರಿಗೆ ಕಾಯುವ ತಾಳ್ಮೆ ಕೊಟ್ಟಿತು. ಕಾದಾಗ ಏನು ಕಾಣಬೇಕೆಂಬುದನ್ನು ನೆಲಕ್ಕೇ ಬಿಟ್ಟರು.

1983ರ ‘ರೂಮ್ ಫಾರ್ ಸೇಂಟ್ ಜಾನ್ ಆಫ್ ದ ಕ್ರಾಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಪೇನಿನ ಸಂತಕವಿ ಜಾನ್ ತನ್ನ ಪಂಥದ ಸುಧಾರಣೆಗೆ ಕೈಹಾಕಿದ್ದಕ್ಕಾಗಿ 1577ರ ಕೊನೆಯಲ್ಲಿ ಸೆರೆಯಾದ; ಟೊಲೆಡೊದ ಮಠದ ಕಿರುಕೋಣೆಯೊಂದರಲ್ಲಿ ಸುಮಾರು ಒಂಬತ್ತು ತಿಂಗಳು ಕಳೆದ. ಬೆಳಕು ಸರಿಯಾಗಿ ನುಸುಳದ ಆ ಕೋಣೆಯಲ್ಲಿ ಹುಟ್ಟಿದ ಪದ್ಯಗಳ ತುಂಬ ಬೆಟ್ಟ, ಕಣಿವೆ, ಹೊಳೆಗಳಿವೆ. ವಯೋಲಾ ಗ್ಯಾಲರಿಯ ಕತ್ತಲಲ್ಲಿ ಕಪ್ಪು ಗೂಡೊಂದನ್ನು ಕಟ್ಟಿದರು. ಒಳಗೆ ಪುಟ್ಟ ಮೇಜು, ನೀರಿನ ಹೂಜಿ, ಲೋಟ, ಒಂದು ಸಣ್ಣ ಟಿವಿ. ಟಿವಿಯಲ್ಲಿ ಹಿಮ ಹೊದ್ದ ಬೆಟ್ಟ, ಬಣ್ಣದಲ್ಲಿ, ಕದಲದೆ. ಜಾನ್‌ನ ಪದ್ಯಗಳನ್ನು ಸ್ಪ್ಯಾನಿಷ್‌ನಲ್ಲಿ ಮೆಲುದನಿಯೊಂದು ಓದುತ್ತಿರುತ್ತದೆ. ಗೂಡಿನ ಹಿಂದೆ ದೊಡ್ಡ ಪರದೆ. ಅದರ ಮೇಲೆ, ಕೈಯಲ್ಲಿ ಹಿಡಿದ ಕ್ಯಾಮೆರಾ ತೂರಾಡುತ್ತ ತೆಗೆದ ಕಪ್ಪುಬಿಳುಪಿನ ಪರ್ವತಗಳು, ಜೊತೆಗೆ ಗಾಳಿಯ ಮೊರೆತ. ನೋಡುಗರು ಗೂಡಿನೊಳಗೆ ಹೋಗುವಂತಿಲ್ಲ, ಕಿಂಡಿಯಲ್ಲಿ ಇಣುಕಬೇಕು. ಇಣುಕಿದರೆ ಪದ್ಯ, ಹಿಂದೆ ಸರಿದರೆ ಬಿರುಗಾಳಿ. ಸ್ಪ್ಯಾನಿಷ್ ಬಾರದವರಿಗೂ ಸೆರೆಮನೆಯ ಕವಿತೆ ಎಂದರೇನು ಎಂಬುದು ಮೈಗೇ ತಾಗುವ ಏರ್ಪಾಡು ಇದು.

ಮಾತಿನ ಆಸರೆಯಿಲ್ಲದೆ ಅವರ ಕಣ್ಣು ಹೇಗೆ ದುಡಿಯುತ್ತಿತ್ತೆಂದು ತಿಳಿಯಲು 1979ರ ‘ಶಾಟ್ ಎಲ್-ಜೆರಿದ್’ ನೋಡಬೇಕು. ಅದು ಟ್ಯುನೀಷಿಯಾದ ಒಣಗಿದ ಉಪ್ಪಿನ ಸರೋವರದ ಹೆಸರು. ನೆಲಕ್ಕಂಟಿದ ಕಾದ ಗಾಳಿ ಬೆಳಕನ್ನು ಬಾಗಿಸಿ ಆಕಾಶವನ್ನೇ ನೀರೆಂಬಂತೆ ಹಾಸುತ್ತದೆ. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಟೆಲಿಫೋಟೊ ಲೆನ್ಸ್ ಹಾಕಿ, ಆ ಬಿಸಿಲುಗುದುರೆಯಲ್ಲಿ ಮನುಷ್ಯರೂ ವಾಹನಗಳೂ ಕರಗಿ ಮತ್ತೆ ರೂಪ ತಳೆಯುವುದನ್ನು ವಯೋಲಾ ಹಿಡಿದರು. 28 ನಿಮಿಷಗಳ ಆ ಕೃತಿಯಲ್ಲಿ ಇಲಿನಾಯ್ ಮತ್ತು ಕೆನಡಾದ ಸಸ್ಕಾಚೆವಾನ್‌ನ ಹಿಮದ ಬಯಲುಗಳೂ ಇವೆ.

ಕನ್ನಡದ ಓದುಗರಿಗೆ ಹೆಚ್ಚು ಆಪ್ತವಾಗಬಹುದಾದದ್ದು 1986ರ ‘ಐ ಡು ನಾಟ್ ನೋ ವಾಟ್ ಇಟ್ ಈಸ್ ಐ ಆ್ಯಮ್ ಲೈಕ್’. ಈ ಉದ್ದನೆಯ ಶೀರ್ಷಿಕೆ ಋಗ್ವೇದದ್ದು. ಮೊದಲ ಮಂಡಲದ 164ನೇ ಸೂಕ್ತದಲ್ಲಿ, ತಾನೇನೆಂದು ತನಗೇ ತಿಳಿಯದೆ ನಿಂತ ದೀರ್ಘತಮಸ್ ಋಷಿಯ ಉದ್ಗಾರ. ಶೀರ್ಷಿಕೆಯನ್ನು ಬಿಟ್ಟರೆ 89 ನಿಮಿಷಗಳಲ್ಲಿ ವಿವರಣೆಯ ಒಂದು ಮಾತೂ ಇಲ್ಲ. ದಕ್ಷಿಣ ಡಕೋಟಾದ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಗಳು ಮೇಯುತ್ತವೆ, ಉಸಿರಾಡುತ್ತವೆ, ಅಷ್ಟೆ. ಗೂಬೆಯೊಂದರ ಕಣ್ಣಿಗೆ ಕ್ಯಾಮೆರಾ ಹತ್ತಿರವಾಗುತ್ತ ಹೋದಂತೆ, ಆ ಪಾಪೆಯಲ್ಲಿ ಚಿತ್ರ ತೆಗೆಯುತ್ತಿರುವ ವಯೋಲಾ ತಾವೇ ಕಾಣಿಸಿಕೊಳ್ಳುತ್ತಾರೆ. ಋಷಿಯ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ದೃಶ್ಯ ಸಿಗುವುದು ಕಷ್ಟ.

ಕೊನೆಯ ಭಾಗ ಫಿಜಿಯ ಸುವಾ ನಗರದ ಮಹಾದೇವಿ ದೇವಸ್ಥಾನದ್ದು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ದಕ್ಷಿಣ ಭಾರತದ ಕೂಲಿಗಳು ಕೊಂಡ ಹಾಯುವ ಹರಕೆಯನ್ನೂ ಜೊತೆಗೆ ಒಯ್ದಿದ್ದರು. ನಮ್ಮ ಹಳೇ ಮೈಸೂರು ಸೀಮೆಯವರಿಗೆ ಆ ಕೆಂಡದ ಹಾಸು, ಆ ನಡಿಗೆ ತೀರ ಪರಿಚಿತ. ವಯೋಲಾ ಈ ಭಾಗಕ್ಕೆ ಇಟ್ಟ ಹೆಸರು ಸಂತ ಜಾನ್‌ನ ಕವಿತೆಯದು. ಸ್ಪೇನಿನ ಸಂತನ ಮಾತು ಸುವಾದ ಕೆಂಡದ ಮೇಲೆ ನಡೆಯುವಾಗ ಎಳೆದು ತಂದಂತೆ ಅನ್ನಿಸುವುದೇ ಇಲ್ಲ.

ಮುಂದಿನ ದಶಕಗಳಲ್ಲಿ ನಟರು, ಸೆಟ್ಟುಗಳು, ಅತಿ ನಿಧಾನದ ಚಲನೆ ಅವರಿಗೆ ದೊಡ್ಡ ಹೆಸರು ತಂದವು. ಈ ಪತ್ರಿಕೆಯ ಒಲವು ಮಾತ್ರ ಮೊದಲಿನ ಕೃತಿಗಳ ಕಡೆಗೇ. ಅಲ್ಲಿ ಬಿಸಿಲು, ಹಿಮ, ಪ್ರಾಣಿ ಯಾವುದೂ ಕಲಾವಿದನ ಅಂಕೆಯಲ್ಲಿಲ್ಲ. 2007ರಲ್ಲಿ ವೆನಿಸ್‌ನ ಸ್ಯಾನ್ ಗ್ಯಾಲೊ ಚರ್ಚಿನಲ್ಲಿ ತೋರಿಸಿದ ‘ಓಷನ್ ವಿದೌಟ್ ಎ ಶೋರ್’ಗೆ ನಂತರದ ಕೃತಿಗಳಲ್ಲಿ ಎಲ್ಲವೂ ಕಲಾವಿದನ ಅಂಕೆಯಲ್ಲಿದೆ ಎಂಬ ಮಾತು ಪೂರ್ತಿ ಅನ್ವಯಿಸದು. ಸತ್ತವರು ನಮ್ಮನ್ನು ಬಿಟ್ಟು ಹೋಗಿಲ್ಲವೆಂಬ ಸೆನೆಗಲ್ ಕವಿ ಬಿರಾಗೊ ಡಿಯೊಪ್‌ನ ಭಾವ ಅದರ ಹಿಂದಿದೆ. ನಟರು ಅದರಲ್ಲೂ ಇದ್ದಾರೆ. ಆದರೆ ಮಸುಕಾದ ಕಪ್ಪುಬಿಳುಪಿನಿಂದ ನೀರಿನ ತೆರೆಯನ್ನು ಸೀಳಿ ಬಣ್ಣಕ್ಕೆ ಬರುವ ಗಳಿಗೆಯಲ್ಲಿ ಅವರ ಮುಖ ಹೇಗೆ ಬದಲಾಗಬೇಕೆಂಬುದನ್ನು ನೀರೇ ನಿರ್ಧರಿಸುತ್ತದೆ.